ಊರು ತೋರಿಸೋ ಪುಸ್ತಕ ಮಾರಾಟವಾದಾಗ: ವಿಕಿಟ್ರಾವೆಲ್ ಜಗಳದ ಕಥೆ

(1/6)
ಹೀಗೆ ಅಂದ್ಕೊಳ್ಳಿ. ನೀವೊಂದಷ್ಟು ಜನ ಸೇರಿ ಒಂದು ಟ್ರೆಕಿಂಗ್ ಗ್ರೂಪ್ ಮಾಡ್ಕೊಂಡಿದ್ದೀರಿ. ಯಾವ ಬಸ್ಸು ಎಷ್ಟು ಗಂಟೆಗೆ, ಎಲ್ಲಿ ಊಟ ಚೆನ್ನಾಗಿರುತ್ತೆ, ಮಳೆಗಾಲದಲ್ಲಿ ಯಾವ ದಾರಿ ಜಾರುತ್ತೆ, ಎಲ್ಲಾ ಒಂದೇ ಕಡೆ ಬರೆದು ಇಟ್ಟಿದ್ದೀರಿ. ಯಾರೂ ಒಂದು ರೂಪಾಯಿ ತಗೊಂಡಿಲ್ಲ. ಮೂರು ವರ್ಷ ಆದ್ಮೇಲೆ ಗ್ರೂಪ್ ಶುರು ಮಾಡಿದವರು ಬಂದು, "ಇದನ್ನ ಒಂದು ಕಂಪನಿಗೆ ಮಾರಿದ್ದೀವಿ, ನೀವು ಹೀಗೇ ಬರೀತಾ ಇರಿ" ಅಂತಾರೆ.

ಏನ್ ಮಾಡ್ತೀರಿ? ಎಕ್ಸಿಟ್ ಆಗ್ತೀರಾ? ಬೈದು ಅಲ್ಲೇ ಇರ್ತೀರಾ? ಬರೆದಿದ್ದನ್ನೆಲ್ಲ ಅಳಿಸಿ ಹಾಕ್ತೀರಾ?

ಇದು ನಿಜವಾಗಿ ನಡೆದಿದೆ, 2006ರಲ್ಲಿ. ಆ ಜಾಗದ ಹೆಸರು ವಿಕಿಟ್ರಾವೆಲ್. ನಿಮ್ಮಲ್ಲಿ ಕೆಲವರು ಹುಟ್ಟೋಕೂ ಮೊದಲಿನ ಮಾತು. ಆದ್ರೆ ಆನ್‌ಲೈನ್‌ನಲ್ಲಿ ಒಂದು ಹವ್ಯಾಸ ಇಟ್ಕೊಂಡು ನಾಲ್ಕು ಜನರ ಜೊತೆ ಸೇರಿರೋ ಎಲ್ಲರಿಗೂ ಈ ಕಥೆ ಗೊತ್ತಿರಬೇಕು ಅನ್ನೋದು ನನ್ನ ಅಭಿಪ್ರಾಯ. ಅದಕ್ಕೇ ಈ ಸಲದ ಸರಣಿ ಇದರ ಮೇಲೆ.

(2/6)
ವಿಕಿಟ್ರಾವೆಲ್ ಶುರುವಾಗಿದ್ದು 2003ರ ಜುಲೈನಲ್ಲಿ. ಶುರು ಮಾಡಿದವರು ಇವಾನ್ ಪ್ರೊಡ್ರೊಮು ಮತ್ತು ಮಿಶೆಲ್ ಆ್ಯನ್ ಜೆಂಕಿನ್ಸ್. ಐಡಿಯಾ ತುಂಬಾ ಸರಳ: ವಿಕಿಪೀಡಿಯ ತರಾನೇ ಯಾರು ಬೇಕಾದ್ರೂ ತಿದ್ದಬಹುದಾದ ಪ್ರವಾಸಿ ಕೈಪಿಡಿ. ಅಚ್ಚಾದ ಗೈಡ್ ಪುಸ್ತಕದ ಕಷ್ಟ ನಿಮಗೂ ಗೊತ್ತು. ಪ್ರೆಸ್‌ನಿಂದ ಹೊರಗೆ ಬರೋ ಹೊತ್ತಿಗೆ ಅದರಲ್ಲಿರೋ ಹೋಟೆಲ್ ಬಾಗಿಲು ಹಾಕಿರುತ್ತೆ, ಬಸ್ ಟೈಮ್ ಬದಲಾಗಿರುತ್ತೆ. ನಿನ್ನೆ ಹೋಗಿ ಬಂದವನು ಇವತ್ತು ತಿದ್ದಿದ್ರೆ, ನಾಳೆ ಹೋಗುವವನಿಗೆ ಸರಿಯಾದ ಮಾಹಿತಿ ಸಿಗುತ್ತೆ.

ಇಲ್ಲಿ ಒಂದು ಸಣ್ಣ ವಿಷಯ ಇದೆ. ಓದೋಕೆ ಬೋರ್ ಅನ್ನಿಸುತ್ತೆ, ಆದ್ರೆ ಇಡೀ ಕಥೆ ಇದರ ಮೇಲೇ ನಿಂತಿದೆ. ಅದು ಲೈಸೆನ್ಸ್.

ಆಗ ವಿಕಿಪೀಡಿಯ ಬಳಸ್ತಾ ಇದ್ದಿದ್ದು ಜಿಎಫ್‌ಡಿಎಲ್ ಅನ್ನೋ ಲೈಸೆನ್ಸ್. ಅದು ಸಾಫ್ಟ್‌ವೇರ್ ಕೈಪಿಡಿಗಳಿಗೆ ಅಂತ ಮಾಡಿದ್ದು. ಅದರ ಪ್ರಕಾರ ಒಂದು ಪುಟ ಪ್ರಿಂಟ್ ಹಾಕಿ ಹಂಚಿದ್ರೂ ಜೊತೆಗೆ ಪೂರ್ತಿ ಲೈಸೆನ್ಸ್ ಪಠ್ಯಾನೂ ಕೊಡಬೇಕು. ಯಾವುದೋ ಲಾಡ್ಜ್ ಮಾಲೀಕ ತನ್ನ ಊರಿನ ಎರಡು ಪುಟ ಜೆರಾಕ್ಸ್ ಮಾಡಿ ಕೌಂಟರ್ ಮೇಲೆ ಇಡೋಣ ಅಂದ್ರೆ, ಆ ಎರಡು ಪುಟಕ್ಕೆ ಇನ್ನೊಂದಷ್ಟು ಪುಟ ಕಾನೂನು ಬಾಲ! ಅದು ಬೇಡ ಅಂತ ವಿಕಿಟ್ರಾವೆಲ್‌ನವರು ಕ್ರಿಯೇಟಿವ್ ಕಾಮನ್ಸ್‌ನ ಒಂದು ಲೈಸೆನ್ಸ್ ಆರಿಸಿಕೊಂಡರು. ಅದರಲ್ಲಿ ಇರೋ ಶರತ್ತು ಎರಡೇ ಅಂತ ಹೇಳಬಹುದು. ಬರೆದವರ ಹೆಸರು ಹೇಳಬೇಕು, ಮತ್ತೆ ನೀವು ತಿದ್ದಿ ಹಂಚಿದ್ರೆ ಅದನ್ನೂ ಇದೇ ಶರತ್ತಿನ ಮೇಲೆ ಹಂಚಬೇಕು. ಅಷ್ಟು ಮಾಡಿದ್ರೆ ಯಾರು ಬೇಕಾದ್ರೂ, ಎಲ್ಲಿಗೆ ಬೇಕಾದ್ರೂ ತಗೊಂಡು ಹೋಗಬಹುದು.

ಪ್ರವಾಸಿಗನಿಗೆ ಅನುಕೂಲ ಆಗಲಿ ಅಂತ ಮಾಡಿದ ಆಯ್ಕೆ ಇದು. ಮೂರು ವರ್ಷದಲ್ಲಿ ಇದೇ ಬರೆದವರನ್ನ ಕಾಪಾಡುತ್ತೆ ಅಂತ ಆಗ ಯಾರೂ ಯೋಚಿಸಿರಲಿಕ್ಕಿಲ್ಲ.

(3/6)
2006ರ ಏಪ್ರಿಲ್ 20. ವಿಕಿಟ್ರಾವೆಲ್ ಅನ್ನು ಇಂಟರ್ನೆಟ್ ಬ್ರ್ಯಾಂಡ್ಸ್ ಅನ್ನೋ ಕ್ಯಾಲಿಫೋರ್ನಿಯಾದ ಕಂಪನಿ ಕೊಂಡಿದೆ ಅಂತ ಪ್ರಕಟಣೆ ಬಂತು. ಈ ಕಂಪನಿ ಮೂಲದಲ್ಲಿ ಆನ್‌ಲೈನ್‌ನಲ್ಲಿ ಕಾರು ಮಾರೋದು. ಆಮೇಲೆ ಬೇರೆ ಬೇರೆ ಹವ್ಯಾಸದ ಸೈಟ್‌ಗಳನ್ನ ಕೊಂಡು ಜಾಹೀರಾತಿನಿಂದ ದುಡ್ಡು ಮಾಡೋ ವ್ಯವಹಾರಕ್ಕೆ ಇಳಿದಿತ್ತು.

ಮಾರಿದವರನ್ನ ಸುಮ್ಮನೆ ಬೈಯೋದು ಸುಲಭ. ನಾನು ಬೈಯಲ್ಲ. ಸೈಟ್ ದೊಡ್ಡದಾದಷ್ಟೂ ಸರ್ವರ್ ಬೇಕು, ರಾತ್ರಿ ಎರಡು ಗಂಟೆಗೆ ಕೆಟ್ಟರೆ ಎದ್ದು ಸರಿ ಮಾಡೋ ಒಬ್ಬರು ಬೇಕು. ಬರೆಯುವವರಿಗೆ ಈ ಖರ್ಚು ಕಾಣೋದೇ ಇಲ್ಲ. ಆದ್ರೆ ಒಂದು ಪ್ರಶ್ನೆ ಉಳಿಯುತ್ತೆ: ಅವರು ಮಾರಿದ್ದು ನಿಖರವಾಗಿ ಏನನ್ನ? ಬರಹ ಬರೆದವರದ್ದು, ಅದನ್ನ ಮಾರೋಕೆ ಬರಲ್ಲ. ಮಾರಿದ್ದು ಹೆಸರು, ವಿಳಾಸ, ಅಲ್ಲಿಗೆ ಬರೋ ಓದುಗರ ಅಭ್ಯಾಸ. ಅಂಗಡಿ ಒಳಗಿನ ಸಾಮಾನು ಎಲ್ಲರದ್ದು, ಬೋರ್ಡು ಮಾತ್ರ ಕಂಪನಿದು ಅನ್ನೋ ತರ.

ಈಗ ಎರಡು ಗುಂಪು ಎರಡು ತರ ನಡ್ಕೊಂಡ್ರು. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟ ಆಗೋ ಭಾಗ ಇದೇ.

ಜರ್ಮನ್ ಭಾಷೆಯ ವಿಕಿಟ್ರಾವೆಲ್‌ನಲ್ಲಿ ಬರೀತಾ ಇದ್ದವರಲ್ಲಿ ಹಲವರು ಕಾಯಲಿಲ್ಲ. ಅದೇ ವರ್ಷ ಡಿಸೆಂಬರ್ 10ಕ್ಕೆ, ಅಂದ್ರೆ ಎಂಟು ತಿಂಗಳೂ ತುಂಬೋ ಮೊದಲೇ, ತಮ್ಮ ಬರಹವನ್ನೆಲ್ಲ ಎತ್ಕೊಂಡು ಹೊಸ ಸೈಟ್ ಶುರು ಮಾಡಿದ್ರು. ಹೆಸರು ವಿಕಿವೊಯೇಜ್. ಅಷ್ಟೇ ಅಲ್ಲ, ಅದನ್ನ ನಡೆಸೋಕೆ ಒಂದು ಸಂಘಾನೂ ನೋಂದಾಯಿಸಿದ್ರು. ಜರ್ಮನಿಯಲ್ಲಿ ಇಂಥ ಸಂಘ ನೋಂದಾಯಿಸೋಕೆ ಕನಿಷ್ಠ ಏಳು ಜನ ಸದಸ್ಯರು ಬೇಕು. ತಮಾಷೆ ಏನಂದ್ರೆ ನಮ್ಮ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲೂ ಅದೇ ಏಳು! ಯುವಕ ಮಂಡಲ, ಕನ್ನಡ ಸಂಘ ನೋಂದಣಿ ಮಾಡಿಸಿದವರ ಮನೆ ಮಕ್ಕಳಾಗಿದ್ರೆ ನಿಮಗೆ ಗೊತ್ತಿರುತ್ತೆ, ಆ ಏಳನೇ ಸಹಿಗೆ ಎಷ್ಟು ಓಡಾಡಬೇಕು ಅಂತ.

ಸಂಘ ಇದ್ರೆ ಏನು ಲಾಭ? ಮಾರಬೇಕು ಅಂದ್ರೆ ಒಬ್ಬರು ಇಬ್ಬರು ತೀರ್ಮಾನ ಮಾಡೋಕೆ ಆಗಲ್ಲ. ಸದಸ್ಯರ ಸಭೆ ಕರೀಬೇಕು. ಲೆಕ್ಕ ತೋರಿಸ್ಬೇಕು. ಮತ್ತೆ ಹಾಗೇ ಆಗಬಾರದು ಅಂತ ಅವರು ಹಾಕಿದ ಬೀಗ ಅದು. ಮುಂದಿನ ವರ್ಷ ಇಟಾಲಿಯನ್ ಭಾಷೆಯವರೂ ಆ ಕಡೆ ಹೋದರು.

(4/6)
ಇಂಗ್ಲಿಷ್‌ನಲ್ಲಿ ಬರೀತಾ ಇದ್ದವರು ಹೋಗಲಿಲ್ಲ. ಒಂದಲ್ಲ ಎರಡಲ್ಲ, ಆರು ವರ್ಷ ಅಲ್ಲೇ ಇದ್ರು.

ಹೇಡಿಗಳು ಅಂತೀರಾ? ನಾನು ಹಾಗೆ ಅನ್ನಲ್ಲ. ಸ್ವಲ್ಪ ಅವರ ಜಾಗದಲ್ಲಿ ನಿಂತು ನೋಡಿ. ಜರ್ಮನ್ ಗುಂಪು ಚಿಕ್ಕದು, ಹೆಚ್ಚುಕಡಿಮೆ ಒಂದೇ ಪ್ರದೇಶದ ಜನ. ಸೇರಿ ಸಂಘ ಕಟ್ಟೋಕೆ ಒಂದೇ ದೇಶದ ಕಾನೂನು ಸಾಕು. ಇಂಗ್ಲಿಷ್‌ನವರು ಪ್ರಪಂಚದ ತುಂಬಾ ಹರಡಿದ್ದವರು. ಸೈಟ್ ಶುರು ಮಾಡಿದವರೂ ಮಾರಾಟದ ನಂತರ ಸ್ವಲ್ಪ ಕಾಲ ಜೊತೆಗೇ ಇದ್ರು. 2007ರಲ್ಲಿ ವಿಕಿಟ್ರಾವೆಲ್‌ಗೆ ವೆಬ್ಬಿ ಪ್ರಶಸ್ತಿ ಬಂತು, ಪ್ರವಾಸ ವಿಭಾಗದಲ್ಲಿ. ಓದುಗರು ಬರ್ತಾನೇ ಇದ್ರು. ನೀವು ಬರೆದ ನಿಮ್ಮೂರಿನ ಪುಟವನ್ನ ಸಾವಿರಾರು ಜನ ಓದ್ತಾ ಇದ್ದಾಗ ಎದ್ದು ಹೋಗೋದು ಅಷ್ಟು ಸುಲಭ ಅಲ್ಲ.

ಇನ್ನೊಂದು, ಅವರ ಪದ್ಧತಿ. ಅಲ್ಲಿ ಯಾವುದನ್ನೂ ಕೈ ಎತ್ತಿ ಎಣಿಸಿ ತೀರ್ಮಾನ ಮಾಡ್ತಿರಲಿಲ್ಲ. ಮಾತಾಡಿ, ವಾದ ಮಾಡಿ, ಬಹುಪಾಲು ಎಲ್ಲರೂ ಒಪ್ಪೋ ತನಕ ಕಾಯೋದು. ಜಗಳ ಬಂದಾಗ ಎಲ್ಲರೂ ಹಿಂದಿರುಗುತ್ತಿದ್ದ ಮಾತು ಒಂದೇ: ಇದರಿಂದ ಪ್ರವಾಸಿಗನಿಗೆ ಉಪಯೋಗ ಇದೆಯಾ? ಒಂದು ಊರಿನ ಪುಟದಲ್ಲಿ ಎಷ್ಟು ಹೋಟೆಲ್ ಹಾಕಬೇಕು, ಗಡಿ ವಿವಾದ ಇರೋ ಜಾಗವನ್ನ ಯಾವ ದೇಶದ ಕೆಳಗೆ ಇಡಬೇಕು ಅನ್ನೋಕೂ ಇದೇ ಅಳತೆಗೋಲು. ರಾಜಕೀಯದಲ್ಲಿ ಯಾರು ಸರಿ ಅನ್ನೋದನ್ನ ಬಿಡಿ, ಅಲ್ಲಿಗೆ ಹೋಗೋಕೆ ಯಾವ ದೇಶದ ವೀಸಾ ಬೇಕು ಅನ್ನೋದು ಹೇಳಿ. ಎಷ್ಟೋ ಗಲಾಟೆ ಇಷ್ಟಕ್ಕೇ ತಣ್ಣಗಾಗುತ್ತೆ. ಎಂಥಾ ಜಾಣ ನಿಯಮ ನೋಡಿ.

ಆದ್ರೆ ಈ ಪದ್ಧತಿ ಕೆಲಸ ಮಾಡೋದು ಮಾತಾಡುವವರ ನಡುವೆ ಮಾತ್ರ. ಸರ್ವರ್‌ನ ಕೀಲಿ ಇಟ್ಕೊಂಡಿರೋ ಕಂಪನಿ ಆ ಚರ್ಚೆಯಲ್ಲಿ ಕೂತಿರಲಿಲ್ಲ. ಜಾಹೀರಾತು ಹೆಚ್ಚಾದವು. ಸಾಫ್ಟ್‌ವೇರ್ ಹಳೇದಾಯ್ತು. ತೊಂದರೆ ಹೇಳಿದ್ರೆ ಕೇಳುವವರಿಲ್ಲ ಅನ್ನೋ ದೂರು ವರ್ಷದಿಂದ ವರ್ಷಕ್ಕೆ ಬೆಳೀತು.

2012ರಲ್ಲಿ ಕೊನೆಗೂ ಹೊರಡೋದು ಅಂತ ಆಯ್ತು. ಎಲ್ಲಿಗೆ? ವಿಕಿಪೀಡಿಯವನ್ನ ನಡೆಸೋ ವಿಕಿಮೀಡಿಯ ಫೌಂಡೇಶನ್ ಮನೆಗೆ. ಅಲ್ಲಿ ಈ ಬಗ್ಗೆ ಬಹಿರಂಗ ಚರ್ಚೆ ಇಟ್ಟರು. ಬೇಕು ಅಂದವರೇ ತುಂಬಾ ಹೆಚ್ಚು, ಆದ್ರೆ ಬೇಡ ಅಂದವರೂ ಇದ್ರು. ಹೋಟೆಲು ರೆಸ್ಟೋರೆಂಟು ಪಟ್ಟಿ ಮಾಡೋದು ಜ್ಞಾನ ಹಂಚೋ ಸಂಸ್ಥೆಯ ಕೆಲಸಾನಾ ಅನ್ನೋ ಪ್ರಶ್ನೆ ತೆಗೆದು ಹಾಕೋ ಅಂಥದ್ದಲ್ಲ. ಫೌಂಡೇಶನ್ ಒಪ್ಪಿತು. ವರ್ಷಗಳ ಹಿಂದೆಯೇ ಹೊರಟಿದ್ದ ಜರ್ಮನ್ನರೂ ಇಟಾಲಿಯನ್ನರೂ ಇದರ ಜೊತೆ ಸೇರೋಕೆ ಮುಂದೆ ಬಂದರು. ಅವಸರದಲ್ಲಿ ಹೋದವರೂ ಕಾದು ಹೋದವರೂ ಒಂದೇ ಸೂರಿನ ಕೆಳಗೆ!

(5/6)
ಕಥೆ ಇಲ್ಲಿ ಸುಖಾಂತ್ಯ ಅಂದ್ಕೊಂಡ್ರಾ? ಇಲ್ಲ.

2012ರ ಆಗಸ್ಟ್ ಕೊನೆಯಲ್ಲಿ ಇಂಟರ್ನೆಟ್ ಬ್ರ್ಯಾಂಡ್ಸ್ ಕೋರ್ಟಿಗೆ ಹೋಯ್ತು. ಯಾರ ಮೇಲೆ? ಫೌಂಡೇಶನ್ ಮೇಲಲ್ಲ. ಇಬ್ಬರು ಸ್ವಯಂಸೇವಕರ ಮೇಲೆ. ಸಂಬಳ ಇಲ್ಲದೆ, ಬಿಡುವಿನ ವೇಳೆಯಲ್ಲಿ ವಿಕಿ ಕೆಲಸ ಮಾಡ್ತಿದ್ದ ಇಬ್ಬರು. ವಿಕಿಟ್ರಾವೆಲ್ ಹೆಸರನ್ನ ಬಳಸಿ ಜನರಲ್ಲಿ ಗೊಂದಲ ಹುಟ್ಟಿಸಿದ್ರು, ಒಳಸಂಚು ಮಾಡಿದ್ರು ಅನ್ನೋ ತರದ ಆರೋಪ.

ಗಮನಿಸಿ, "ಬರಹ ನಮ್ಮದು" ಅಂತ ಕಂಪನಿ ಹೇಳೋ ಹಾಗಿರಲಿಲ್ಲ, ಆ ಬಾಗಿಲನ್ನ 2003ರ ಲೈಸೆನ್ಸ್ ಮುಚ್ಚಿತ್ತು. ಉಳಿದಿದ್ದು ಬೋರ್ಡು. ಹಾಗಾಗಿ ಹೆಸರಿನ ಮೇಲೆ ಕೇಸು.

ಹವ್ಯಾಸಕ್ಕೆ ಅಂತ ಬರೀತಾ ಕೂತವನ ಮನೆಗೆ ಒಂದು ದಿನ ಅಮೆರಿಕದ ಕೋರ್ಟಿನ ಕಾಗದ ಬರೋದನ್ನ ಸ್ವಲ್ಪ ಕಲ್ಪಿಸಿಕೊಳ್ಳಿ. ಕೇಸು ಗೆಲ್ತಾರೋ ಸೋಲ್ತಾರೋ ಬೇರೆ ವಿಷಯ. ವಕೀಲರ ಫೀಸ್ ಕೇಳಿದ್ರೇ ಅರ್ಧ ಜೀವ ಹೋಗುತ್ತೆ. ಉಳಿದವರಿಗೆ "ಸುಮ್ನಿರೋದೇ ವಾಸಿ" ಅನ್ನಿಸೋಕೆ ಅಷ್ಟು ಸಾಕು. ವಿಕಿಮೀಡಿಯ ಫೌಂಡೇಶನ್ ಇಲ್ಲಿ ಮಾಡಿದ್ದು ನನಗೆ ಸರಿ ಕಾಣುತ್ತೆ: ಸೆಪ್ಟೆಂಬರ್ ಮೊದಲ ವಾರದಲ್ಲೇ ಕಂಪನಿಯ ವಿರುದ್ಧ ತಾನೂ ದಾವೆ ಹೂಡಿತು, ಆ ಇಬ್ಬರನ್ನ ಒಂಟಿಯಾಗಿ ಬಿಡಲಿಲ್ಲ. 2013ರ ಫೆಬ್ರವರಿಯಲ್ಲಿ ರಾಜಿ ಆಗಿ ವ್ಯಾಜ್ಯ ಮುಗೀತು.

ಅಷ್ಟರಲ್ಲಿ ಹೊಸ ಮನೆ ಗೃಹಪ್ರವೇಶ ಆಗಿತ್ತು. 2013ರ ಜನವರಿ 15. ವಿಕಿಪೀಡಿಯದ 12ನೇ ಹುಟ್ಟುಹಬ್ಬದ ದಿನವೇ ವಿಕಿವೊಯೇಜ್ ವಿಕಿಮೀಡಿಯದ ಯೋಜನೆಯಾಗಿ ಅಧಿಕೃತವಾಗಿ ಶುರುವಾಯ್ತು. ಅಲ್ಲೂ ಒಂದು ವಿಘ್ನ: ಅದರ ಲೋಗೊ ತಮ್ಮದರ ತರ ಇದೆ ಅಂತ ವಿಶ್ವ ವ್ಯಾಪಾರ ಸಂಸ್ಥೆಯವರು ತಕರಾರು ತೆಗೆದ್ರು! ದೇಶ ದೇಶಗಳ ಸುಂಕದ ಜಗಳ ನೋಡ್ಕೊಳ್ಳೋ ಸಂಸ್ಥೆಗೆ ಇದಕ್ಕೂ ಪುರುಸೊತ್ತು ಇತ್ತು ನೋಡಿ. ಅದೇ ವರ್ಷ ಹೊಸ ಲೋಗೊ ಆರಿಸಿದ್ರು.

(6/6)
ಹೊರಟವರು ಕಳ್ಕೊಂಡಿದ್ದು ಏನು ಅಂತಾನೂ ಹೇಳಬೇಕು, ಇಲ್ಲಾಂದ್ರೆ ಕಥೆ ಅರ್ಧ.

ಒಂದೇ ಬರಹ ಎರಡು ಕಡೆ ಇದ್ರೆ ಸರ್ಚ್ ಎಂಜಿನ್ ಹಳೇ ವಿಳಾಸವನ್ನ ಅಸಲಿ, ಹೊಸದನ್ನ ನಕಲು ಅಂತ ನೋಡುತ್ತೆ. ಬರೆದವರು ಎಲ್ಲಿದ್ದಾರೆ ಅನ್ನೋದು ಅದಕ್ಕೆ ಬೇಕಿಲ್ಲ. ಹಾಗಾಗಿ ಚುರುಕಾಗಿ ಬರೆಯೋ ಜನ ಹೆಚ್ಚಾಗಿ ವಿಕಿವೊಯೇಜ್‌ಗೆ ಬಂದ್ರೂ ಹುಡುಕಿದವರಿಗೆ ಮೊದಲು ಸಿಗ್ತಿದ್ದಿದ್ದು ವರ್ಷಗಟ್ಟಲೆ ವಿಕಿಟ್ರಾವೆಲ್. ತಾವೇ ಬರೆದ ಪ್ಯಾರಾಗಳನ್ನ, ನಕಲು ಅನ್ನಿಸಬಾರದು ಅಂತ, ತಾವೇ ಕೂತು ಬದಲಿಸಿ ಬರೆಯೋ ಕೆಲಸಾನೂ ಮಾಡಿದ್ರು. ನನಗೆ ಕೋರ್ಟ್ ಕೇಸಿಗಿಂತ ಇದೇ ಹೆಚ್ಚು ಬೇಜಾರಿನ ಸಂಗತಿ ಅನ್ನಿಸುತ್ತೆ.

ಹೋಗದೇ ಗೆದ್ದ ಉದಾಹರಣೆ ಇಲ್ವಾ ಅಂತ ಕೇಳ್ತೀರೇನೋ. ಹೋದವರಿಂದ ಇದ್ದವರು ಗೆದ್ದದ್ದಿದೆ. 2002ರ ಫೆಬ್ರವರಿಯಲ್ಲಿ ವಿಕಿಪೀಡಿಯದಲ್ಲಿ ಜಾಹೀರಾತು ಬರಬಹುದು ಅನ್ನೋ ಮಾತು ಮೇಲಿಂಗ್ ಲಿಸ್ಟ್‌ನಲ್ಲಿ ಬಂತು, ಅಷ್ಟೇ. ಸ್ಪ್ಯಾನಿಷ್ ಭಾಷೆಯಲ್ಲಿ ಬರೀತಿದ್ದವರಲ್ಲಿ ಹೆಚ್ಚಿನವರು ಎದ್ದು ಹೋಗಿ ಸೆವಿಲ್ಯ ವಿಶ್ವವಿದ್ಯಾಲಯದ ಸರ್ವರ್‌ನಲ್ಲಿ ತಮ್ಮದೇ ವಿಶ್ವಕೋಶ ಶುರು ಮಾಡಿದ್ರು. ಅವರ ವಿಶ್ವಕೋಶ ಕೊನೆಗೆ ಸಣ್ಣದಾಗೇ ಉಳೀತು. ಆದ್ರೆ ವಿಕಿಪೀಡಿಯದಲ್ಲಿ ಜಾಹೀರಾತು ಬರಲೇ ಇಲ್ಲ. ಅದೇ ವರ್ಷ ವಿಳಾಸ ಡಾಟ್ ಕಾಮ್‌ನಿಂದ ಡಾಟ್ ಆರ್ಗ್ ಆಯ್ತು, 2003ರ ಜೂನ್‌ನಲ್ಲಿ ಲಾಭರಹಿತ ಫೌಂಡೇಶನ್ ಹುಟ್ಟಿತು. ಇದಕ್ಕೆಲ್ಲ ಅವರೊಬ್ಬರೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಒಂದು ಇಡೀ ಭಾಷೆ ಖಾಲಿಯಾಗಿದ್ದನ್ನ ಕಣ್ಣಾರೆ ನೋಡಿದ ಮೇಲೆ, ಜಾಹೀರಾತಿನ ಮಾತನ್ನ ಮತ್ತೆ ಎತ್ತೋದು ಯಾರಿಗೂ ಸುಲಭ ಇರಲಿಲ್ಲ. ನಮ್ಮ ಕನ್ನಡ ವಿಕಿಪೀಡಿಯ ಶುರುವಾಗಿದ್ದೂ 2003ರಲ್ಲೇ. ಅಸೈನ್‌ಮೆಂಟ್ ದಿನ ರಾತ್ರಿ ನೀವು ತೆಗೆಯೋ ಆ ಪುಟದಲ್ಲಿ ಒಂದೂ ಜಾಹೀರಾತು ಇಲ್ಲ ಅಲ್ವಾ? ಆ ಜಗಳದ ಪಾಲು ಅದರಲ್ಲೂ ಸ್ವಲ್ಪ ಇದೆ.

ವಿಕಿಟ್ರಾವೆಲ್, ವಿಕಿವೊಯೇಜ್ ಎರಡರಲ್ಲೂ ಹಂಪಿಯ ಪುಟ ಇದೆ. ಎರಡನ್ನೂ ಅಕ್ಕಪಕ್ಕ ತೆಗೆದಿಟ್ಟು, ಪುಟದ ಚರಿತ್ರೆ ಅನ್ನೋ ಕೊಂಡಿ ಒತ್ತಿ ನೋಡಿ. ಯಾವ ವರ್ಷ ಯಾರು ಏನು ತಿದ್ದಿದ್ರು, ಎಲ್ಲಿಂದ ದಾರಿ ಬೇರೆ ಆಯ್ತು ಅಂತ ಸಾಲು ಸಾಲಾಗಿ ಕಾಣುತ್ತೆ. ಏನು ಸಿಕ್ತು ಅಂತ ಕಾಮೆಂಟ್‌ನಲ್ಲಿ ಹೇಳಿ. ನೀವಿರೋ ಯಾವುದಾದ್ರೂ ಗ್ರೂಪ್ ಹೀಗೆ ಒಡೆದಿದ್ರೆ ಅದನ್ನೂ ಬರೀರಿ, ಹೆಸರು ಹಾಕ್ಬೇಡಿ ಅಷ್ಟೇ.

#ಇಂಟರ್ನೆಟ್_ಇತಿಹಾಸ #ಕನ್ನಡದಲ್ಲಿ_ಇತಿಹಾಸ #ವಿಕಿ #ಪ್ರವಾಸ