ಮಲೆನಾಡಿನಲ್ಲಿ ರೇಡಿಯೋ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಗೆ ರೇಡಿಯೋ ಬಂದ ಬಗೆಯನ್ನು ತಿಳಿಯಲು ಅಲೆಯ ಉದ್ದವನ್ನು ಗಮನಿಸಬೇಕು. ಗುಡ್ಡ ಕಣಿವೆಗಳ ಈ ಸೀಮೆಯಲ್ಲಿ ಎಲ್ಲ ಅಲೆಗಳೂ ಒಂದೇ ಸಮ ನಡೆಯುವುದಿಲ್ಲ.

ರೇಡಿಯೋವನ್ನು ಮಾರ್ಕೋನಿ ಒಬ್ಬನೇ ಕಂಡುಹಿಡಿದನೆಂಬ ಶಾಲೆಯ ಪಾಠ ಅರ್ಧ ಸತ್ಯ. ಮ್ಯಾಕ್ಸ್‌ವೆಲ್ 1860ರ ದಶಕದಲ್ಲಿ ಗಣಿತದ ಮೂಲಕ ಊಹಿಸಿದ ವಿದ್ಯುತ್ಕಾಂತೀಯ ಅಲೆಗಳನ್ನು ಜರ್ಮನಿಯ ಹೆನ್ರಿಕ್ ಹರ್ಟ್ಸ್ 1887–88ರಲ್ಲಿ ಪ್ರಯೋಗದಿಂದ ಸಾಧಿಸಿ ತೋರಿಸಿದ. ಜಗದೀಶ ಚಂದ್ರ ಬೋಸ್ ಕಲ್ಕತ್ತದಲ್ಲಿ ಗೋಡೆಯಾಚೆಗೆ ಅಲೆ ಕಳಿಸಿ ಗಂಟೆ ಬಾರಿಸಿದರು, ಮದ್ದು ಸಿಡಿಸಿದರು. ಅವರ ಅಲೆಗಳ ಉದ್ದ ಕೆಲವೇ ಮಿಲಿಮೀಟರ್. ವಿಜ್ಞಾನದ ದೃಷ್ಟಿಯಿಂದ ಅದು ಕಾಲಕ್ಕಿಂತ ಬಹಳ ಮುಂದಿನ ಕೆಲಸ. ಆದರೆ ದೂರದ ಸಂದೇಶಕ್ಕೆ ಒದಗುವಂಥದ್ದಲ್ಲ. ಮಾರ್ಕೋನಿ ಹಿಡಿದದ್ದು ಉದ್ದ ಅಲೆಗಳ ದಾರಿ. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಧುವಿನಿಂದ ಹೊರಟ ಸಂಕೇತವನ್ನು ಅಟ್ಲಾಂಟಿಕ್‌ನ ಆಚೆ ನ್ಯೂಫೌಂಡ್‌ಲೆಂಡ್‌ನಲ್ಲಿ ಕೇಳಿದೆನೆಂದು ಆತ ಸಾರಿದ. ಅಂದು ಬಳಸಿದ ಪಾದರಸದ ಗ್ರಾಹಕದ ಮೂಲ ವಿನ್ಯಾಸ ಬೋಸರದೇ ಎಂಬ ವಾದವಿದೆ. ಬೋಸರಿಗೆ ಪೇಟೆಂಟಿನ ಗೀಳು ಇರಲಿಲ್ಲ.

ಕನ್ನಡ ನಾಡಿನಲ್ಲಿ ರೇಡಿಯೋ ಪ್ರಸಾರಕ್ಕೆ ಕೈಹಾಕಿದವರು ಮನಃಶಾಸ್ತ್ರದ ಮೇಷ್ಟ್ರು ಎಂಬುದು ಸೋಜಿಗ. ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವಾಟ್‌ನ ಪ್ರೇಷಕದಿಂದ ಪ್ರಸಾರ ಆರಂಭಿಸಿದರು. ಮೊದಲ ದಿನ ಕವಿತೆ ಓದಿದವರು ಅದೇ ಕಾಲೇಜಿನ ಅಧ್ಯಾಪಕರಾಗಿದ್ದ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು. ಆ ಪುಟ್ಟ ಪ್ರೇಷಕದ ದನಿ ಕವಿಯ ಊರಿನವರೆಗೆ ಬರುವಷ್ಟು ಬಲದ್ದಲ್ಲ. ಗೋಪಾಲಸ್ವಾಮಿಯವರ ಬಳಗ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಸಂದಿತು. 1942ರಲ್ಲಿ ನಿಲಯ ಮೈಸೂರು ಸಂಸ್ಥಾನದ ಕೈಗೆ, 1950ರಲ್ಲಿ ಕೇಂದ್ರ ಸರ್ಕಾರದ ಕೈಗೆ ಹೋಯಿತು. 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು.

ಇತ್ತ ಮಲೆನಾಡಿನಲ್ಲಿ ರೇಡಿಯೋ ಕೇಳಲು ಕರೆಂಟಿನದೇ ತೊಡಕು. ಸಾಗರ ತಾಲ್ಲೂಕಿನ ಜೋಗದಲ್ಲಿ 1948ರಲ್ಲೇ ವಿದ್ಯುತ್ ಉತ್ಪಾದನೆ ಶುರುವಾದರೂ ಸುತ್ತಲಿನ ಹಳ್ಳಿಗಳಲ್ಲಿ ಅನೇಕವು ಬಹುಕಾಲ ಚಿಮಣಿ ದೀಪದಲ್ಲೇ ಇದ್ದವು. ಕವಾಟಗಳ ದೊಡ್ಡ ರೇಡಿಯೋಗೆ ಕರೆಂಟು ಬೇಕು, ಇಲ್ಲವೇ ಭಾರದ ಬ್ಯಾಟರಿ ಬೇಕು. ಅದು ಉಳ್ಳವರ ಜಗಲಿಯ ವಸ್ತು. ಇದನ್ನು ಬದಲಿಸಿದ್ದು 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್. ಸಣ್ಣ ಸೆಲ್ಲು ಹಾಕಿದರೆ ಸಾಕು, ರೇಡಿಯೋವನ್ನು ಅಡಿಕೆ ತೋಟಕ್ಕೂ ಒಯ್ಯಬಹುದಿತ್ತು.

ಇಂಥ ರೇಡಿಯೋಗಳು ಹಳ್ಳಿಗೆ ಬರುತ್ತಿದ್ದ ಹೊತ್ತಿಗೆ, 1965ರಲ್ಲಿ, ಭದ್ರಾವತಿ ಆಕಾಶವಾಣಿ ಆರಂಭವಾಯಿತು. 675 ಕಿಲೋಹರ್ಟ್ಸ್‌ನ ಅದರ ಮಧ್ಯಮ ತರಂಗದ ಅಲೆಯ ಉದ್ದ ಸುಮಾರು 444 ಮೀಟರ್. ಅಷ್ಟು ಉದ್ದದ ಅಲೆ ನೆಲಕ್ಕಂಟಿ ಸಾಗುತ್ತದೆ, ಗುಡ್ಡವನ್ನು ಬಳಸಿ ಬಾಗುತ್ತದೆ. ಮುಂದೆ ಬಂದ ಎಫ್‌ಎಂ ದನಿ ಹೆಚ್ಚು ಶುಭ್ರವೇನೋ ಹೌದು. ಆದರೆ ಸುಮಾರು 3 ಮೀಟರ್ ಉದ್ದದ ಅದರ ಅಲೆ ಗುಡ್ಡದ ಮರೆಯಲ್ಲಿ ಸೊರಗುತ್ತದೆ. ಕಣಿವೆಯೊಳಗಿನ ಮನೆಗಳಿಗೆ ಹಳೆಯ ಮಧ್ಯಮ ತರಂಗವೇ ವಾಸಿ.