ಜೋ ಬೆಟ್ಟದ ಹೆಸರು

ನ್ಯೂಯಾರ್ಕ್ ಸಂಸ್ಥಾನದ ಅಡಿರಾಂಡಾಕ್ ಕಾಡಿನಲ್ಲಿ ‘ಮೌಂಟ್ ಜೋ’ ಎಂಬ ಪುಟ್ಟ ಬೆಟ್ಟವಿದೆ. ಎತ್ತರ 2,876 ಅಡಿ. ನಮ್ಮ ಮುಳ್ಳಯ್ಯನಗಿರಿಯ ಅರ್ಧವೂ ಇಲ್ಲ. ಮಗನ ಮನೆಗೆ ಹೋಗಿದ್ದಾಗ ಏದುಸಿರು ಬಿಡುತ್ತಲೇ ಅದನ್ನೇರಿದೆ. ಕೆಳಗೆ, ಕಾಡಿನ ನಡುವೆ, ಹಾರ್ಟ್ ಲೇಕ್ ಸರೋವರ.

“ಜೋ ಅಂದರೆ ಯಾರು, ತಾತ?” ಎಂದಳು ಮೊಮ್ಮಗಳು. ಶಿಖರಗಳ ಎತ್ತರವನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದ ಮೇಷ್ಟರಿಗೆ ಉತ್ತರ ತಿಳಿದಿರಲಿಲ್ಲ. ಮನೆಗೆ ಬಂದು ಓದಿದೆ.

ತಂತಿಯಂತ್ರಗಳ ಸಂಶೋಧಕ ಹೆನ್ರಿ ವಾನ್ ಹೋವೆನ್‌ಬರ್ಗ್ 1877ರಲ್ಲಿ ಜೋಸೆಫಿನ್ ಸ್ಕೋಫೀಲ್ಡಳೊಡನೆ ಮಾರ್ಸಿ ಶಿಖರವನ್ನೇರಿ, ಅಲ್ಲಿಂದ ಕಂಡ ಈ ಕೊಳದ ದಡದಲ್ಲೇ ಮನೆ ಕಟ್ಟುವುದೆಂದು ನಿಶ್ಚಯಿಸಿದನಂತೆ. ಮದುವೆಗೆ ಮೊದಲೇ ಆಕೆ ತೀರಿಕೊಂಡಳು. ಆತ ಸಂಕಲ್ಪ ಬಿಡಲಿಲ್ಲ. ಮರದ ದಿಮ್ಮಿಗಳ ದೊಡ್ಡ ವಸತಿಗೃಹವನ್ನು ಕಟ್ಟಿ, ಬೆಟ್ಟಕ್ಕೆ ಅವಳ ಹೆಸರಿಟ್ಟ. 1903ರ ಕಾಡ್ಗಿಚ್ಚಿನಲ್ಲಿ ಆ ಕಟ್ಟಡವೂ ಬೂದಿಯಾಯಿತು.

ಮೊಮ್ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. “ಹಾಗಾದರೆ ಜೋ ಅಲ್ಲಿ ಇರಲೇ ಇಲ್ಲವೇ?” ಎಂದು ಕೇಳಿದಳು.