ಕಿಯಾರೊಸ್ಕುರೊ

ಕಿಯಾರೊಸ್ಕುರೊ ಎಂಬುದು ಬೆಳಕು ಮತ್ತು ಕತ್ತಲೆಗಳ ವ್ಯತ್ಯಾಸದ ಮೂಲಕ ಸಮತಟ್ಟಾದ ಚಿತ್ರದಲ್ಲಿ ಗಾತ್ರ, ಆಳ ಹಾಗೂ ಭಾವವನ್ನು ಮೂಡಿಸುವ ಕಲಾವಿಧಾನ. ಇಟಾಲಿಯನ್ ಭಾಷೆಯಲ್ಲಿ 'ಕಿಯಾರೊ' ಎಂದರೆ ಬೆಳಕಾದುದು, 'ಸ್ಕುರೊ' ಎಂದರೆ ಕತ್ತಲಾದುದು. ಕನ್ನಡದಲ್ಲಿ ಇದನ್ನು ನೆರಳು-ಬೆಳಕಿನ ವಿನ್ಯಾಸ ಎನ್ನಬಹುದು. ಯುರೋಪಿನ ಪುನರುಜ್ಜೀವನ ಕಾಲದಲ್ಲಿ ಬೆಳೆದ ಈ ವಿಧಾನವು 17ನೆಯ ಶತಮಾನದ ಬರೋಕ್ ಕಲೆಯಲ್ಲಿ ಉತ್ತುಂಗಕ್ಕೇರಿತು.

ತತ್ತ್ವ

ಬಿಸಿಲಿನಲ್ಲಿರುವ ಗೋಡೆಗೂ ಕತ್ತಲ ಕೋಣೆಯ ಮೂಲೆಗೂ ಇರುವ ಬೆಳಕಿನ ಅಂತರವನ್ನು ಬಣ್ಣಗಳಿಂದ ಯಥಾವತ್ತಾಗಿ ತೋರಿಸಲಾಗದು. ಅತಿ ಬಿಳಿಯ ಬಣ್ಣವೂ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಪ್ರತಿಫಲಿಸುತ್ತದೆ. ಆದರೆ ಕಣ್ಣು ಹೊಳಪನ್ನು ಸುತ್ತಲಿನ ಭಾಗಗಳೊಂದಿಗೆ ಹೋಲಿಸಿ ಗ್ರಹಿಸುತ್ತದೆ. ಆದುದರಿಂದ ಕಲಾವಿದನು ಸುತ್ತಲಿನ ಭಾಗವನ್ನು ಗಾಢವಾಗಿಸಿದಷ್ಟೂ ನಡುವಿನ ಮುಖ ಅಥವಾ ಕೈ ಬೆಳಗಿದಂತೆ ಕಾಣುತ್ತದೆ. ಕತ್ತಲೆಯಲ್ಲಿ ಹಿನ್ನೆಲೆ ಕರಗಿದಾಗ ಆಕೃತಿಗಳು ನೋಡುಗನ ಕಡೆಗೆ ಮುಂದೆ ಬಂದಂತೆ ತೋರುತ್ತವೆ.

ಬೆಳವಣಿಗೆ

ಲಿಯೊನಾರ್ಡೊ ಡ ವಿಂಚಿ (1452–1519) ನೆರಳು ಬೆಳಕುಗಳನ್ನು ಗೆರೆಯಿಲ್ಲದೆ, ಹೊಗೆಯಂತೆ ಬೆರೆಸಿದನು. ಕರವಾಜ್ಜೊ (1571–1610) ಇದಕ್ಕೆ ಬದಲಾಗಿ ಬೆಳಕನ್ನು ಕತ್ತಲೆಯಿಂದ ಥಟ್ಟನೆ ಬೇರ್ಪಡಿಸಿದನು. ಈ ತೀವ್ರ ರೂಪಕ್ಕೆ ಟೆನೆಬ್ರಿಸಂ ಎಂದು ಹೆಸರು. ಆರ್ಟೆಮಿಸಿಯಾ ಜೆಂಟಿಲೆಸ್ಕಿ, ಜಾರ್ಜ್ ಡ ಲಾ ಟೂರ್ ಮತ್ತು ರೆಂಬ್ರಾಂಟ್ ಇದನ್ನು ತಮ್ಮದೇ ರೀತಿಯಲ್ಲಿ ಮುಂದುವರಿಸಿದರು.

ಕಾಂಟಾರೆಲ್ಲಿ ಪ್ರಾರ್ಥನಾ ಮಂದಿರ

ಚಿತ್ರದೊಳಗಿನ ಬೆಳಕು ಮತ್ತು ಚಿತ್ರವಿರುವ ಸ್ಥಳದ ಸಂಬಂಧಕ್ಕೆ ರೋಮ್ ನಗರದ ಸಾನ್ ಲುಯೀಜಿ ದೇಯಿ ಫ್ರಾಂಚೇಜಿ ಚರ್ಚಿನ ಈ ಮಂದಿರವು ಪ್ರಸಿದ್ಧ ಉದಾಹರಣೆ. ಇದರ ಎರಡು ಪಕ್ಕದ ಗೋಡೆಗಳಿಗಾಗಿ ಕರವಾಜ್ಜೊ 1599–1600ರಲ್ಲಿ ಸಂತ ಮತ್ತಾಯನ ಜೀವನದ ಚಿತ್ರಗಳನ್ನು ರಚಿಸಿದನು.

ಎಡಗೋಡೆಯ 'ಸಂತ ಮತ್ತಾಯನ ಕರೆ' ಚಿತ್ರದಲ್ಲಿ ಸುಂಕದವರು ಮಬ್ಬು ಕೋಣೆಯೊಂದರಲ್ಲಿ ಹಣ ಎಣಿಸುತ್ತ ಕುಳಿತಿದ್ದಾರೆ. ಬಲಗಡೆಯಿಂದ ಯೇಸು ಕೈ ಚಾಚಿದ್ದಾನೆ. ಆ ಕೈಯ ಮೇಲ್ಭಾಗದಿಂದ ಬೆಳಕು ಓರೆಯಾಗಿ ಹಾಯುತ್ತದೆ. ಚಿತ್ರದಲ್ಲಿ ಕಿಟಕಿಯೊಂದಿದ್ದರೂ ಅದರಿಂದ ಬೆಳಕು ಬರುವುದಿಲ್ಲ. ಬೆಳಕಿನ ದಿಕ್ಕು ಮಂದಿರದ ಪೂಜಾವೇದಿಕೆಯ ಮೇಲಿರುವ ನಿಜವಾದ ಕಿಟಕಿಯ ದಿಕ್ಕಿಗೆ ಹೊಂದುತ್ತದೆ. ಎದುರುಗೋಡೆಯ 'ಸಂತ ಮತ್ತಾಯನ ಬಲಿದಾನ'ದಲ್ಲಿ ಬೆಳಕು ಎಡದಿಂದ, ಅಂದರೆ ಅದೇ ವೇದಿಕೆಯ ಕಡೆಯಿಂದ ಬರುತ್ತದೆ. ಮಂದಿರ ಇಕ್ಕಟ್ಟಾಗಿರುವುದರಿಂದ ನೋಡುಗರು ಪ್ರವೇಶದಲ್ಲಿ ನಿಂತು ಪಕ್ಕದ ಚಿತ್ರಗಳನ್ನು ಓರೆಯಾಗಿ ನೋಡುತ್ತಾರೆ. ಪುಸ್ತಕದ ಪುಟದಲ್ಲಿ ಚಿತ್ರವಷ್ಟೇ ದೊರೆಯುತ್ತದೆ. ಕಿಟಕಿ, ಅಂತರ ಮತ್ತು ನಿಲ್ಲುವ ನೆಲೆ ದೊರೆಯುವುದಿಲ್ಲ. ಬೆಳಕು ಸೂಚಿಸುವ ಮತ್ತಾಯ ಯಾರು, ಗಡ್ಡದವನೋ ಅಥವಾ ತಲೆಬಾಗಿದ ಯುವಕನೋ ಎಂಬುದು ವಿದ್ವಾಂಸರಲ್ಲಿ ಇನ್ನೂ ಚರ್ಚೆಯಲ್ಲಿದೆ.

ವೇದಿಕೆಗಾಗಿ 1602ರಲ್ಲಿ ರಚಿಸಿದ ಮೊದಲ ಚಿತ್ರವು ತಿರಸ್ಕೃತವಾಗಿ, ಅದರ ಬದಲು ಎರಡನೆಯದನ್ನು ಇರಿಸಲಾಯಿತು. ಮೊದಲನೆಯದು ಕಾಲಾನಂತರ ಬರ್ಲಿನ್ ಸೇರಿ 1945ರಲ್ಲಿ ನಾಶವಾಯಿತು. ಅದರ ಕಪ್ಪು-ಬಿಳುಪು ಛಾಯಾಚಿತ್ರಗಳು ಉಳಿದಿವೆ. ನೆರಳು ಬೆಳಕಿನ ಹಂಚಿಕೆಯನ್ನು ಇಂದಿಗೂ ಕಾಣಬಹುದಾದರೂ ಮೂಲದ ಬಣ್ಣಗಳನ್ನು ಕಾಣಲಾಗದು.

ಚಲನಚಿತ್ರದಲ್ಲಿ

ಕಪ್ಪು-ಬಿಳುಪು ಚಲನಚಿತ್ರಗಳು ಈ ವಿಧಾನವನ್ನು ವ್ಯಾಪಕವಾಗಿ ಬಳಸಿಕೊಂಡವು. ಭಾರತದಲ್ಲಿ ಇದಕ್ಕೆ ಹೆಸರಾದವರು ಮೈಸೂರಿನಲ್ಲಿ ಜನಿಸಿದ ಛಾಯಾಗ್ರಾಹಕ ವಿ. ಕೆ. ಮೂರ್ತಿ (1923–2014). ಗುರುದತ್ ನಿರ್ದೇಶನದ 'ಕಾಗಜ್ ಕೆ ಫೂಲ್' (1959) ಚಿತ್ರದ ಗೀತೆಯೊಂದರಲ್ಲಿ ಅವರು ಕನ್ನಡಿಗಳ ಮೂಲಕ ಸೂರ್ಯನ ಬೆಳಕನ್ನು ಕತ್ತಲ ಸ್ಟುಡಿಯೊದೊಳಕ್ಕೆ ತಿರುಗಿಸಿ ದಟ್ಟವಾದ ಬೆಳಕಿನ ಕೋಲನ್ನು ಮೂಡಿಸಿದರು. ವಿಶಾಲವಾದ ಖಾಲಿ ಸ್ಥಳದಲ್ಲಿ ದೂರ ನಿಂತ ಇಬ್ಬರ ಅಗಲಿಕೆಯನ್ನು ಆ ಬೆಳಕು ಮಾತಿಲ್ಲದೆ ತಿಳಿಸುತ್ತದೆ. ಮೂರ್ತಿಯವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು; ಇದನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ.